ಚಿಲ್ಲರೆ ಸಾಲದು

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ನಿರ್ದೇಶಕ ಕುಬ್ರಿಕ್‌ನ 'ಡಾಕ್ಟರ್ ಸ್ಟ್ರೇಂಜ್‌ಲವ್' ಹಾಕಿಕೊಂಡು ಕೂತೆ. 1964ರ ಕಪ್ಪು ಬಿಳುಪು ಸಿನಿಮಾ.

ಅಣುಬಾಂಬು ಹೊತ್ತ ಅಮೆರಿಕದ ವಿಮಾನಗಳು ರಷ್ಯಾ ಕಡೆ ಹೊರಟಿವೆ. ವಾಪಸ್ ಕರೆಸೋ ಗುಟ್ಟಿನ ಕೋಡ್ ಮ್ಯಾಂಡ್ರೇಕ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಹೊಳೆದಿದೆ. ಅಧ್ಯಕ್ಷರಿಗೆ ಹೇಳಬೇಕು. ಇರೋದು ಕಾಯಿನ್ ಫೋನ್. ಜೇಬಲ್ಲಿ ಚಿಲ್ಲರೆ ಸಾಲದು!

ಆ ಕೋಕಾ-ಕೋಲಾ ಮಷಿನ್‌ಗೆ ಗುಂಡು ಹೊಡೆದು ಕಾಸು ತೆಗಿ ಅಂತ ಮ್ಯಾಂಡ್ರೇಕ್ ಎದುರಿಗಿದ್ದ ಅಮೆರಿಕದ ಕರ್ನಲ್‌ಗೆ ಹೇಳುತ್ತಾನೆ. ಕರ್ನಲ್ ಒಪ್ಪುವುದಿಲ್ಲ. ಅದು ಖಾಸಗಿ ಆಸ್ತಿಯಂತೆ! ಈಗಷ್ಟೇ ತಮ್ಮದೇ ಸೈನಿಕರ ಮೇಲೆ ಗುಂಡು ಹಾರಿಸಿ ಒಳಗೆ ಬಂದವನು ಇವನು.

ನಗು ಬಂತು. ಆಮೇಲೆ ಸ್ವಲ್ಪ ಭಯಾನೂ ಆಯ್ತು. ಇಂಥ ರೂಲ್ಸ್ ರಾಮಣ್ಣಗಳು ಎಲ್ಲಾ ಕಡೆ ಇರ್ತಾರೆ, ಅಲ್ವಾ?

ಅಂದ ಹಾಗೆ, ಮ್ಯಾಂಡ್ರೇಕ್, ಅಧ್ಯಕ್ಷ, ಸ್ಟ್ರೇಂಜ್‌ಲವ್ ಮೂರೂ ಪಾತ್ರ ಮಾಡಿದ್ದು ನಟ ಪೀಟರ್ ಸೆಲರ್ಸ್ ಒಬ್ಬನೇ. ಗೊತ್ತಿತ್ತಾ?