ಮೈನಸ್ 20 ಸಾಲದು

ಕೆನಡಾದ ಕ್ಯಾಲ್ಗರಿಯಲ್ಲಿ ವನ್ಯಜೀವಿಗಳ ಲ್ಯಾಬೊಂದರಲ್ಲಿ ಕೆಲಸ ನನಗೆ. ಗಾಡಿಗೆ ಸಿಕ್ಕಿ ಸತ್ತ ಕಯೋಟಿಗಳು ನಮ್ಮಲ್ಲಿಗೆ ಬರುತ್ತವೆ. ನಮ್ಮೂರ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು ಈ ಪ್ರಾಣಿ. ಅದರ ಕರುಳಲ್ಲಿ ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಅನ್ನೋ ಲಾಡಿಹುಳು ಇದೆಯಾ ಅಂತ ನಾನು ನೋಡಬೇಕು.

ಸೇರಿದ ಮೊದಲ ಚಳಿಗಾಲ. ಕರುಳಿನ ಚೀಲವೊಂದನ್ನು ಫ್ರೀಜರಿನಿಂದ ತೆಗೆದು ಕರಗಿಸಿದ್ದೆ. ಚೀಟಿಯಲ್ಲಿ ಪ್ರಾಣಿಯ ನಂಬರು, 'ಫ್ರೀಜ್ ಆಗಿದೆ' ಅನ್ನೋ ಮಾತು, ಅಷ್ಟೇ. ಕತ್ತರಿ ಕೈಯಲ್ಲಿತ್ತು. ಹಿರಿಯ ಸಹೋದ್ಯೋಗಿ ಕೇಳಿದರು, "ಯಾವ ಫ್ರೀಜರಿನದು?"

"ಬಾಗಿಲ ಪಕ್ಕದ್ದು."

"ಕತ್ತರಿ ಕೆಳಗಿಡಿ."

ಅದು ಮೈನಸ್ 20ರ ಫ್ರೀಜರು. ಈ ಹುಳುವಿನ ಮೊಟ್ಟೆ ಆ ಚಳಿಗೆ ಸಾಯೋದಿಲ್ಲ. ಇಲ್ಲಿನ ಚಳಿಗಾಲವನ್ನೇ ಮಣ್ಣಲ್ಲಿ ಬಿದ್ದುಕೊಂಡು ಕಳೆಯುವ ಮೊಟ್ಟೆ ಅದು. ಮೈನಸ್ 80ರಲ್ಲಿ ಕೆಲವು ದಿನ ಇಟ್ಟ ಮೇಲೇ ಕರುಳು ಬಿಚ್ಚಬೇಕು. ನಾವು ಒಂದು ವಾರ ಇಡುತ್ತೇವೆ.

ನನಗೆ ಭಯ ಹುಟ್ಟಿದ್ದು ಆಮೇಲೆ, ಮನೆಗೆ ಹೋಗಿ ಕೂತಾಗ. ಆ ಮೊಟ್ಟೆ ಕಣ್ಣಿಗೆ ಕಾಣೋದಿಲ್ಲ. ಹೊಟ್ಟೆಗೆ ಹೋದರೆ ಹುಳುವಿನ ಮರಿ ಲಿವರಿನಲ್ಲಿ ಗಡ್ಡೆಯ ಹಾಗೆ ಹಬ್ಬುತ್ತದೆ. ಗೊತ್ತಾಗೋದು 5ರಿಂದ 15 ವರ್ಷದ ನಂತರ. ಅಷ್ಟು ಹೊತ್ತಿಗೆ ಆ ದಿನದ ಕತ್ತರಿ ಯಾರಿಗೆ ನೆನಪಿರುತ್ತದೆ? ಮರುದಿನ ಜ್ವರ ಬರುವ ಹಾಗಿದ್ದರೆ ಎಲ್ಲರೂ ತಾವಾಗಿಯೇ ಹುಷಾರಾಗಿರುತ್ತಿದ್ದರು, ಅಲ್ವಾ?

ಕಯೋಟಿಗೆ ಮಾತ್ರ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಹುಳು ಇರುವ ಇಲಿ ತಿನ್ನುತ್ತದೆ, ಪಾರ್ಕಿನಲ್ಲಿ ಹಿಕ್ಕೆ ಹಾಕುತ್ತದೆ, ಅದರಲ್ಲಿನ ಮೊಟ್ಟೆ ಮತ್ತೆ ಇಲಿಗೆ ಸೇರುತ್ತದೆ. ಕ್ಯಾಲ್ಗರಿ, ಎಡ್ಮಂಟನ್ ಸುತ್ತಿನ 91 ಕಯೋಟಿಗಳಲ್ಲಿ 23ರಲ್ಲಿ ಈ ಹುಳು ಸಿಕ್ಕಿದ್ದು 2012ರಲ್ಲಿ ಪ್ರಕಟವಾಯಿತು. ಅದೇ ಪಾರ್ಕುಗಳಲ್ಲಿ ಜನ ನಾಯಿ ಬಿಟ್ಟು ಆಡಿಸುತ್ತಾರೆ. ಇಲಿ ಹಿಡಿಯುವ ನಾಯಿ ಇರುವವರು ವೆಟ್ ಹತ್ತಿರ ಪ್ರಾಜಿಕ್ವಾಂಟೆಲ್ ಅನ್ನೋ ಲಾಡಿಹುಳುವಿನ ಔಷಧಿ ಬಗ್ಗೆ ದಯವಿಟ್ಟು ಕೇಳಿ. ಸುಮ್ನೆ ಹೆದರಿಸೋಕೆ ಹೇಳ್ತಿಲ್ಲ.

ಈಗ ನಮ್ಮಲ್ಲಿ ಮೈನಸ್ 80ಕ್ಕೆ ಹೋದ ಚೀಲಕ್ಕೆ ಕೆಂಪು ಚೀಟಿ. ಒಳಗಿಟ್ಟ ತಾರೀಕು, ತೆಗೆಯಬಹುದಾದ ತಾರೀಕು, ಇಟ್ಟವರ ಸಹಿ. ಕೆಂಪು ಚೀಟಿ ಇಲ್ಲದ ಚೀಲ ಮೇಜಿಗೆ ಬರೋದಿಲ್ಲ.

ಅಂದು ಕತ್ತರಿ ಕೆಳಗಿಟ್ಟೆನಲ್ಲ, ಆ ಚೀಲವನ್ನೂ ಮೈನಸ್ 80ರಲ್ಲಿ ವಾರ ಇಟ್ಟು ನಾನೇ ಬಿಚ್ಚಿದೆ. ಕರುಳು ಸೀಳಿ, ತೊಳೆದು, ನೀರು ತಿಳಿಯಾಗಲು ಬಿಟ್ಟೆ. ತಳದ ಗಸಿಯನ್ನು ಲೆನ್ಸಿನ ಕೆಳಗೆ ಇಟ್ಟಾಗ ಬಿಳಿ ಎಳೆಗಳು ಕಂಡವು, ಎಳ್ಳಿನಷ್ಟು ಉದ್ದ. ಇನ್ನೂರರ ತನಕ ಎಣಿಸಿದೆ. ಗಸಿ ಇನ್ನೂ ಅರ್ಧ ಉಳಿದಿತ್ತು.