ನಾಟಕದ ಕೊನೆಯ ಪುಟ ಹಿಡಿದು ಗ್ರೀಸ್ ಸುತ್ತುವವರಿಗೆ

ಗ್ರೀಕ್ ದುರಂತ ನಾಟಕಗಳನ್ನು ಮೆಚ್ಚಿ ಗ್ರೀಸಿಗೆ ಹೊರಡುವವರು ಸಾಮಾನ್ಯವಾಗಿ ರಂಗಮಂದಿರಗಳನ್ನಷ್ಟೇ ನೋಡಿ ಬರುತ್ತಾರೆ. ನನ್ನ ಸಲಹೆ ಬೇರೆ. ನಾಟಕದ ಕೊನೆಯ ಪುಟ ತೆಗೆಯಿರಿ. ಯೂರಿಪಿಡೀಸನ ಹಲವು ನಾಟಕಗಳ ಕೊನೆಗೆ ದೇವತೆ ಪ್ರತ್ಯಕ್ಷಳಾಗಿ, ಇಂಥವರಿಗೆ ಇಂಥ ಸ್ಥಳದಲ್ಲಿ ಹೀಗೆ ಪೂಜೆ ಸಲ್ಲಬೇಕು ಎಂದು ಅಪ್ಪಣೆ ಕೊಡುತ್ತಾಳೆ. ಆ ಸ್ಥಳಗಳಲ್ಲಿ ಕೆಲವು ಅಥೆನ್ಸಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರದಲ್ಲಿವೆ.

ಮೊದಲು ಅಕ್ರೊಪೊಲಿಸ್ ಗುಡ್ಡದ ದಕ್ಷಿಣ ಇಳಿಜಾರಿನಲ್ಲಿರುವ, ಮದ್ಯದ ಮತ್ತು ನಾಟಕದ ದೇವರು ಡಯೊನೈಸಸ್‌ನ ರಂಗಮಂದಿರ. ಅಕ್ರೊಪೊಲಿ ಮೆಟ್ರೊ ನಿಲ್ದಾಣದ ಬಳಿಯ ದ್ವಾರದಿಂದ ಒಳಹೊಕ್ಕರೆ ಇದೇ ಮೊದಲು ಸಿಗುತ್ತದೆ. ಬಹುತೇಕರು ಪಾರ್ಥೆನಾನ್ ಕಡೆಗೆ ಓಡುವ ಅವಸರದಲ್ಲಿ ಇದನ್ನು ದಾಟಿಬಿಡುತ್ತಾರೆ. ಟಿಕೆಟ್ಟಿನಲ್ಲಿ ಪ್ರವೇಶದ ಸಮಯ ನಿಗದಿಯಾಗಿರುತ್ತದೆ, ಮುಂಗಡವಾಗಿ ಕಾಯ್ದಿರಿಸಿ. ಮುಂದಿನ ಸಾಲಿನ ನಡುವೆ ಡಯೊನೈಸಸನ ಅರ್ಚಕನಿಗೆಂದೇ ಕೆತ್ತಿದ ಅಮೃತಶಿಲೆಯ ಆಸನವಿದೆ. ಅದರ ಮುಂದೆ ನಿಂತರೆ ನಾಟಕ ಇಲ್ಲಿ ಉತ್ಸವದ ಭಾಗವಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ಆದರೆ ಈಗ ಕಾಣುವ ಕಲ್ಲಿನ ಮೆಟ್ಟಿಲುಗಳು ಕ್ರಿ.ಪೂ. 4ನೇ ಶತಮಾನದವು, ನಾಟಕಕಾರ ಸಾಫೊಕ್ಲೀಸನ ಕಾಲದ ಪ್ರೇಕ್ಷಕರು ಕುಳಿತಿದ್ದು ಮರದ ಹಲಗೆಗಳ ಮೇಲೆ.

ಪಿ. ಲಂಕೇಶರ ಅನುವಾದದಲ್ಲಿ ದೊರೆ ಈಡಿಪಸ್‌ನನ್ನು ಕಂಡವರು, ಅವನು ಕಣ್ಣು ಕಳೆದುಕೊಂಡ ಘಟ್ಟದಲ್ಲೇ ಅವನನ್ನು ಬಿಟ್ಟಿರುತ್ತಾರೆ. ಅವನ ಕೊನೆ ಕೊಲೊನಸ್‌ನಲ್ಲಿ. ಅದು ಸಾಫೊಕ್ಲೀಸನ ಹುಟ್ಟೂರು. ಆ ಕೊನೆಯನ್ನು ಹೇಳುವ ಅವನ 'ಕೊಲೊನಸ್‌ನಲ್ಲಿ ಈಡಿಪಸ್' ನಾಟಕ ರಂಗಕ್ಕೆ ಬಂದದ್ದು ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ. ತಂದೆಯನ್ನು ಕೊಂದವನ, ತಾಯಿಯನ್ನು ಮದುವೆಯಾದವನ ಸಮಾಧಿ ಅಥೆನ್ಸಿಗೆ ರಕ್ಷೆಯಾಗುತ್ತದೆ. ಅದು ಎಲ್ಲಿದೆಯೆಂದು ಅಥೆನ್ಸಿನ ದೊರೆ ಥೀಸಿಯಸ್ ಒಬ್ಬನಿಗೇ ಗೊತ್ತು. ಗ್ರೀಕರು ಸಮಾಧಿಯಲ್ಲಿ ಪೂಜಿಸುತ್ತಿದ್ದ ವೀರ ಸಜ್ಜನನಾಗಿರಬೇಕೆಂದೇನೂ ಇರಲಿಲ್ಲ. ಅವನ ಸಾವಿಗೆ ಶಕ್ತಿ ಇದ್ದರೆ ಸಾಕಿತ್ತು. ಕೋಟಿ-ಚೆನ್ನಯರ ಗರಡಿ, ಕಲ್ಕುಡ-ಕಲ್ಲುರ್ಟಿಯರ ಕೋಲ ನೋಡಿ ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಸಾ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹಳಿಗಳ ಪಶ್ಚಿಮಕ್ಕೆ ನಡೆದರೆ ಕೊಲೊನಸ್ ಗುಡ್ಡ ಸಿಗುತ್ತದೆ. ಸುತ್ತ ವಸತಿ ಕಟ್ಟಡಗಳು, ನಡುವೆ ಸಣ್ಣ ಉದ್ಯಾನ, ಅಷ್ಟೇ. ಅವಶೇಷಗಳನ್ನು ನಿರೀಕ್ಷಿಸುವವರು ಹೋಗಬೇಡಿ.

ಒಂದೇ ಸ್ಥಳಕ್ಕೆ ಸಮಯವಿದ್ದರೆ ಬ್ರಾವ್ರೋನಿಗೆ ಹೋಗಿ. ಈಗಿನ ಹೆಸರು ವ್ರಾವ್ರೋನಾ. ಅಥೆನ್ಸಿನ ವಿಮಾನ ನಿಲ್ದಾಣಕ್ಕೆ ಹತ್ತಿರ. ಹಾಗಾಗಿ ಹಿಂದಿರುಗುವ ದಿನ ಅರ್ಧ ದಿನ ಉಳಿಸಿಕೊಂಡು ಟ್ಯಾಕ್ಸಿಯಲ್ಲಿ ಹೋಗಿ ಬರುವುದು ಜಾಣತನ. ಯೂರಿಪಿಡೀಸನ 'ತೌರಿಸ್‌ನಲ್ಲಿ ಇಫಿಜೆನಿಯಾ' ನಾಟಕದ ಕೊನೆಗೆ ದೇವತೆ ಅಥೀನಾ ಹೇಳುತ್ತಾಳೆ: ಇಫಿಜೆನಿಯಾ ಬ್ರಾವ್ರೋನಿನಲ್ಲಿ ಆರ್ಟೆಮಿಸ್ ದೇವಿಯ ಗುಡಿಯ ಬೀಗದ ಕೈ ಹಿಡಿಯುವಳು, ಅಲ್ಲೇ ಮಣ್ಣಾಗುವಳು, ಹೆರಿಗೆಯಲ್ಲಿ ಸತ್ತ ಹೆಂಗಸರ ಬಟ್ಟೆಗಳು ಅವಳಿಗೆ ಸಲ್ಲುವವು. ತಂದೆಯೇ ಬಲಿಗೆ ಒಯ್ದ ಹುಡುಗಿಗೆ ಸಿಕ್ಕ ಪಾಲು ಇದು! ಅಲ್ಲಿ ಗುಡಿಯ ತಳಪಾಯ, ಪಕ್ಕದಲ್ಲಿ ಹರಕೆಯ ವಸ್ತುಗಳು ಸಿಕ್ಕ ಚಿಲುಮೆ, ಕಂಬಗಳ ಸಾಲು ಮತ್ತು ಹಳೆಯ ಕಲ್ಲಿನ ಸೇತುವೆ ಇವೆ. ಕುಸಿದ ಗುಹೆಯೊಂದನ್ನು ಉತ್ಖನನ ಮಾಡಿದವರು ಅವಳ ಸಮಾಧಿಯೆಂದು ಗುರುತಿಸಿದರು, ಎಲ್ಲರೂ ಒಪ್ಪುವುದಿಲ್ಲ. ವಸ್ತುಸಂಗ್ರಹಾಲಯ ತುಸು ದೂರದಲ್ಲಿದೆ, ಅದನ್ನು ಬಿಡಬೇಡಿ. ಮೊಲ, ಪಾರಿವಾಳ ಹಿಡಿದು ನಿಂತ ಪುಟ್ಟ ಹುಡುಗಿಯರ ಪ್ರತಿಮೆಗಳು ಅಲ್ಲಿವೆ. ಅಥೆನ್ಸಿನ ಹುಡುಗಿಯರು ಮದುವೆಗೆ ಮೊದಲು ಇಲ್ಲಿ 'ಕರಡಿ'ಗಳಾಗಿ ಆರ್ಟೆಮಿಸ್ ಸೇವೆ ಮಾಡುತ್ತಿದ್ದರು. ಪಾರ್ಥೆನಾನಿಗಿಂತ ನನಗೆ ಈ ಸಣ್ಣ ಕಟ್ಟಡವೇ ಹೆಚ್ಚು ಹಿಡಿಸಿತು. ಪಕ್ಕದಲ್ಲೇ ಜೌಗು ನೆಲ, ಸೊಳ್ಳೆಗೆ ಮುಲಾಮು ಇರಲಿ. ಮಂಗಳವಾರ ಗ್ರೀಸಿನ ಅನೇಕ ತಾಣಗಳಿಗೆ ರಜೆ. ಹೊರಡುವ ಮೊದಲು ವಿಚಾರಿಸಿ.

ಕೊರಿಂಥ್ ಊರಿನ ಕಡೆಯ ಪೆರಾಕೊರಾಗೆ ಕಾರು ಬೇಕೇ ಬೇಕು. ಭಾರತದ ಪರವಾನಗಿ ಇರುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡು ಹೋಗಿ. ಲೂಟ್ರಾಕಿ ದಾಟಿ, ಸರೋವರದ ಅಂಚಿನಲ್ಲಿ ಸಾಗಿದರೆ ಸಮುದ್ರಕ್ಕೆ ಚಾಚಿದ ಬಂಡೆಯ ಕೆಳಗೆ ಹೇರಾ ದೇವಿಯ ಗುಡಿಯ ಅವಶೇಷ. ತನ್ನ ಮಕ್ಕಳನ್ನು ಹೇರಾ ಅಕ್ರಾಯಾ ಸನ್ನಿಧಿಯಲ್ಲಿ ಹೂಳುತ್ತೇನೆ, ಕೊರಿಂಥಿನವರು ಅವರಿಗೆ ಉತ್ಸವ ನಡೆಸಲಿ ಎನ್ನುತ್ತಾಳೆ ಯೂರಿಪಿಡೀಸನ ನಾಟಕದ ಕೊನೆಗೆ, ಗಂಡನ ಮೇಲಿನ ಸೇಡಿಗೆ ಆ ಮಕ್ಕಳನ್ನು ತಾನೇ ಕೊಂದ ಮೆಡಿಯಾ. ಇಲ್ಲಿ ದೇವತೆ ಬರುವುದಿಲ್ಲ, ಕೊಂದವಳೇ ಪೂಜೆಯ ಕಟ್ಟಳೆ ವಿಧಿಸುತ್ತಾಳೆ. ಆ ಸನ್ನಿಧಿ ಇದೇ ಹೌದೇ ಎಂಬ ಚರ್ಚೆ ಮುಗಿದಿಲ್ಲ. ಪ್ರಾಚೀನ ಗ್ರೀಕ್ ಪ್ರವಾಸಿ ಪಾಸನಿಯಸ್ ಮಕ್ಕಳ ಸಮಾಧಿಯನ್ನು ಕೊರಿಂಥ್ ಊರೊಳಗೇ ಗುರುತಿಸಿ, ರೋಮನ್ನರು ಊರನ್ನು ಹಾಳುಗೆಡವಿದ ಮೇಲೆ ಆ ಪೂಜೆ ನಿಂತುಹೋಯಿತೆಂದು ಬರೆದಿದ್ದಾನೆ. ಆದರೂ ಹೋಗಿ. ನೆರಳು ಕಡಿಮೆ, ನೀರು, ಟೋಪಿ ಮರೆಯಬೇಡಿ.

ಊಟಕ್ಕೆ ಸಸ್ಯಾಹಾರಿಗಳು 'ನಿಸ್ತಿಸಿಮಾ', ಅಂದರೆ ಉಪವಾಸದ ಅಡುಗೆ, ಎಂದು ಕೇಳಿ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಚಿಪ್ಪು ಮೀನು, ಸ್ಕ್ವಿಡ್ ಬರಬಹುದು, ಅದನ್ನು ಬೇರೆಯಾಗಿ ಹೇಳಿ.

ನಾಟಕವನ್ನು ರಂಗದ ಮೇಲೆಯೇ ನೋಡಬೇಕೆಂದರೆ ಬೇಸಿಗೆಯ ಶುಕ್ರವಾರ, ಶನಿವಾರದ ರಾತ್ರಿಗಳಿಗೆ ಎಪಿಡೌರಸ್. ಟಿಕೆಟ್ ತೆಗೆಯುವಾಗ ಎಚ್ಚರ: ಸಮುದ್ರ ತೀರದ ಹಳೆ ಎಪಿಡೌರಸ್ ಊರಿನಲ್ಲೂ ಒಂದು ಸಣ್ಣ ರಂಗಮಂದಿರವಿದೆ, ಅಲ್ಲೂ ಪ್ರದರ್ಶನಗಳಾಗುತ್ತವೆ. ದೊಡ್ಡದು ಇರುವುದು ಒಳನಾಡಿನ ಲಿಗೂರಿಯೊ ಬಳಿ, ರೋಗ ವಾಸಿಮಾಡುವ ದೇವರು ಅಸ್ಕ್ಲೀಪಿಯಸನ ಕ್ಷೇತ್ರದಲ್ಲಿ. ಹಗಲಿನಲ್ಲೇ ತಲುಪಿ, ರೋಗಿಗಳು ದೇವರು ಕನಸಿನಲ್ಲಿ ಬರಲೆಂದು ಮಲಗುತ್ತಿದ್ದ ಪಡಸಾಲೆಯನ್ನು ನೋಡಿ ಆಮೇಲೆ ಆಸನ ಹಿಡಿಯಿರಿ. ಕಲ್ಲಿನ ಮೇಲೆ ಹಾಸಲು ಒಂದು ದಿಂಬು ಒಯ್ಯಿರಿ.