ಡಬ್ಬಿಗೆ ಸೇರದ ಕಾಗೆ

"ಇದು ಕ ಅಲ್ಲಮ್ಮಾ, ಕಾ."

ಮೊನ್ನೆ ಶನಿವಾರ ಬಸವನಗುಡಿಯ ಒಂದು ಮನೆಯಲ್ಲಿ ನಾಲ್ಕೂವರೆ ವರ್ಷದ ಹುಡುಗ ಹೀಗಂದು ಪ್ಲಾಸ್ಟಿಕ್ ಕಾಗೆಯನ್ನು ಡಬ್ಬಿಯಿಂದ ತೆಗೆದು ನೆಲದ ಮೇಲಿಟ್ಟ. ಒಂದೇ ಅಕ್ಷರದಿಂದ ಶುರುವಾಗುವ ವಸ್ತುಗಳನ್ನೆಲ್ಲ ಒಂದು ಡಬ್ಬಿಗೆ ಹಾಕುವ ಆಟ ಅದು. ಅಮ್ಮ ಅದನ್ನು ಮತ್ತೆ ಒಳಗೆ ಹಾಕಿದರು. "ಎರಡೂ ಕ್ ಕ್ ಸೌಂಡೇ ಕಣೋ." ಕಾಗೆ ಮತ್ತೆ ಹೊರಗೆ ಬಂತು. ಮೂರು ಸಲ ಹೀಗೇ ಆಯಿತು. ಡಬ್ಬಿಯಲ್ಲಿ ಉಳಿದದ್ದು ಕನ್ನಡಕ, ಕಡಲೆಕಾಯಿ, ಕರವಸ್ತ್ರ.

ಹುಡುಗನ ಕಿವಿ ಸರಿಯಾಗಿಯೇ ಇದೆ. ಅಮ್ಮನೂ ಅಸಡ್ಡೆಯವರಲ್ಲ, ಅಕ್ಷರದ ಧ್ವನಿಯಿಂದ ಓದು ಕಲಿಸುವ ಇಂಗ್ಲಿಷ್ ಫೋನಿಕ್ಸನ್ನು ಫೋನಿನಲ್ಲಿ ನೋಡಿ ಕಲಿತವರು. ಅಲ್ಲಿ ಕೈಟು, ಕಿಂಗು, ಕೀ ಎಲ್ಲ ಒಂದೇ ಡಬ್ಬಿಗೆ ಹೋಗುತ್ತವೆ, ಏಕೆಂದರೆ ಇಂಗ್ಲಿಷಿನ k ಅಕ್ಷರದ ಧ್ವನಿಯಲ್ಲಿ ಸ್ವರ ಸೇರಿಲ್ಲ. ನಮ್ಮ ಕ ಎಂದರೆ ಕ್ ಜೊತೆಗೆ ಅ. ಕಾಗೆ ಬೇರೆ ಡಬ್ಬಿ, ಕಿವಿ ಬೇರೆ ಡಬ್ಬಿ. ಇದರಿಂದ ದೊಡ್ಡ ಅನುಕೂಲವೂ ಇದೆ. ಗ ಪಕ್ಕದಲ್ಲಿ ರ ಇಟ್ಟು ಒಟ್ಟಿಗೆ ಅಂದರೆ ಗರ ಆಗಿಯೇಬಿಟ್ಟಿತು, ಧ್ವನಿಗಳನ್ನು ಬೆಸೆಯುವ ಕಷ್ಟವೇ ಇಲ್ಲ. ಪುಕ್ಕಟೆ ಸಿಕ್ಕ ಈ ಸೌಲಭ್ಯ ಬಿಟ್ಟು ಮೂರು ವರ್ಷದ ಮಕ್ಕಳಿಂದ "ಕ್ ಅ ಕ" ಎಂದು ಗಿಣಿಪಾಠ ಮಾಡಿಸುವುದು ಯಾಕೋ!

ಎಲ್ಲ ಅಕ್ಷರಕ್ಕೂ ಡಬ್ಬಿ ಮಾಡುವ ಹಟವೂ ಬೇಡ. ಣ, ಳದಿಂದ ನಮ್ಮಲ್ಲಿ ಮಾತು ಶುರುವಾಗುವುದಿಲ್ಲ. ಅವಕ್ಕೆ ಕೊನೆಯ ಅಕ್ಷರ ಕೇಳಿಸಬೇಕು: ಬಾಣ, ಹಣ, ತಾಳ, ಹುಳ. ಯಾವುದರಿಂದ ಆರಂಭಿಸುವುದು ಎಂಬುದಕ್ಕೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿಯ ಕ್ರಮವೇ ಸಾಕು: ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಓದಲು ಸಿಗುತ್ತವೆ. ಅ ಆ ಇ ಈ ಎಂದು ಸ್ವರಗಳನ್ನೆಲ್ಲ ಮುಗಿಸಿದರೂ ಮಗುವಿಗೆ ಓದಲು ಒಂದು ಪದ ಸಿಗುವುದು ಕಷ್ಟ.

ಮುಟ್ಟಿ ಕಲಿಯುವ ಅಕ್ಷರಕ್ಕೆ ಉಪ್ಪು ಕಾಗದ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ 100 ಅಥವಾ 120 ನಂಬರ್ ಕೇಳಿ. 60 ಆದರೆ ಬೆರಳ ತುದಿ ಕೆಂಪಾಗುತ್ತದೆ, 220 ಆದರೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಅಕ್ಷರ ಎಂಟು-ಒಂಬತ್ತು ಸೆಂಟಿಮೀಟರ್ ಎತ್ತರ, ಗೆರೆ ಒಂದು ಸೆಂಟಿಮೀಟರ್ ದಪ್ಪ ಇರಲಿ. ಹಿಂಬದಿಯಲ್ಲಿ ಬರೆದು ಕತ್ತರಿಸುವುದರಿಂದ ಅಲ್ಲಿ ತಿರುಗುಮುರುಗಾಗಿಯೇ ಬರೆಯಬೇಕು. ತೆಳು ಕಾಗದದಲ್ಲಿ ಬರೆದು, ಮಗುಚಿ, ಕಿಟಕಿ ಗಾಜಿಗೆ ಹಿಡಿದು ನಕಲು ಮಾಡಿದರೆ ಸುಲಭ. ಇದನ್ನು ಮರೆತು ಶನಿವಾರ ಕತ್ತರಿಸಿದ ಮೊದಲ ಮೂರು ಅಕ್ಷರ ಕಸದ ಬುಟ್ಟಿಗೆ ಹೋದವು. ರ ಆದರೂ ಉಳಿದೀತು ಅಂದುಕೊಂಡರೆ ಅದರ ತಲೆಕಟ್ಟೂ ಎಡಕ್ಕೆ ಚಾಚಿತ್ತು.

ನಿಜ ಹೇಳಬೇಕೆಂದರೆ ನಮ್ಮ ದುಂಡಗಿನ ಅಕ್ಷರಕ್ಕೆ ಕತ್ತರಿಗಿಂತ ಹುರಿ ಮೇಲು. ಮೂರು ಮಿಲಿಮೀಟರಿನ ಸೆಣಬಿನ ಹುರಿ, ಫೆವಿಕಾಲ್, ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಇಷ್ಟೇ ಸಾಕು. ಗೆರೆಯ ಮೇಲೆ ಫೆವಿಕಾಲ್ ಎಳೆದು, ಐದು ನಿಮಿಷ ಬಿಟ್ಟು, ಬರೆಯುವ ದಿಕ್ಕಿನಲ್ಲೇ ಹುರಿ ಕೂರಿಸಿ. ಒದ್ದೆಯಿರುವಾಗಲೇ ಕೂರಿಸಿದರೆ ತಿರುವಿನಲ್ಲಿ ಜಾರುತ್ತದೆ. ತುದಿಗೆ ಅಂಟು ಹಚ್ಚಿ ಒಣಗಿಸಿ ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ. ಕಾರ್ಡು ಸೊಟ್ಟಗಾಗದಂತೆ ರಾತ್ರಿಯಿಡೀ ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ನೀರು ತುಂಬಿದ ಕುಕ್ಕರ್. ಬೆರಳು ಎಲ್ಲಿಂದ ಶುರುವಾಗಬೇಕೋ ಅಲ್ಲೊಂದು ಹಸಿರು ಚುಕ್ಕಿ. ತಟ್ಟೆಯಲ್ಲಿ ಬರೆಸುವುದಾದರೆ ಬಾಂಬೆ ರವೆಯಲ್ಲಿ ಬರೆಸಿ. ರಂಗೋಲಿ ಪುಡಿ ಕಲ್ಲಿನ ಧೂಳು, ಕಣ್ಣಿಗೆ ಹೋಗುತ್ತದೆ.

ಕಾಗುಣಿತಕ್ಕೆ ಹೊಸ ಅಂಗಿಯ ಡಬ್ಬಿಯ ಪಾರದರ್ಶಕ ಹಾಳೆ. ಕಾರ್ಡಿನ ಮೇಲೆ ಅಕ್ಷರ, ಹಾಳೆಯ ಮೇಲೆ ಗುಡಿಸು, ಕೊಂಬು, ಏತ್ವ. ಎಲ್ಲರೂ ಎಡವುವುದು ಇಲ್ಲೇ. ಕಾರ್ಡಿನಲ್ಲಿ ಗ ಅನ್ನು ತಲೆಕಟ್ಟಿನ ಸಮೇತ ಬರೆದು ಮೇಲೆ ಗುಡಿಸು ಹೊದಿಸಿದರೆ ತಲೆಕಟ್ಟೂ ಉಳಿದು, ಗುಡಿಸೂ ಬಂದು, ಯಾವ ಕನ್ನಡದಲ್ಲೂ ಇಲ್ಲದ ಅಕ್ಷರ ಹುಟ್ಟುತ್ತದೆ. ಕಾರ್ಡಿನಲ್ಲಿ ತಲೆಕಟ್ಟಿಲ್ಲದ ಬೋಳು ಅಕ್ಷರ ಇರಬೇಕು. ತಲೆಕಟ್ಟಿಗೂ ಒಂದು ಪ್ರತ್ಯೇಕ ಹಾಳೆ ಬೇಕು. ರ, ಗ, ಸ, ದಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಬ, ಲ, ಜಗಳಿಗೆ ಬಿಡಿಸಿ ತೆಗೆಯುವ ತಲೆಕಟ್ಟೇ ಇಲ್ಲ, ಅವಕ್ಕೆ ಪೂರ್ತಿ ಕಾರ್ಡೇ ಮಾಡಿ. ಪ, ವಗಳಿಗೆ ಕೊಂಬು ಬುಡದಲ್ಲಿ ಅಂಟಬೇಕು. ವದ ಪಕ್ಕದಲ್ಲಿ ಮಾಮೂಲಿ ಎತ್ತರಕ್ಕೆ ಇಟ್ಟರೆ ಅದು ಮದಂತೆ ಕಾಣುತ್ತದೆ.

ಕಿವಿಗೆ ಬೇಕಾದದ್ದು ಜೋಡಿ ಚಿತ್ರಗಳು. ಅಕ್ಕಿ-ಹಕ್ಕಿ, ಹುಲಿ-ಹುಳಿ, ಬಲೆ-ಬಳೆ-ಬಾಳೆ. ಚಿತ್ರದ ಕೆಳಗೆ ಏನೂ ಬರೆಯಬೇಡಿ. ದೊಡ್ಡವರು ಅನ್ನಬೇಕು, ಮಗು ತೋರಿಸಬೇಕು. ಬೆಂಗಳೂರಿನ ಮನೆಗಳಲ್ಲಿ ಈಗ ಲ-ಳ ಬೇರೆ ಮಾಡಿ ಅನ್ನಲು ಕೆಲವು ದೊಡ್ಡವರಿಗೇ ಅಭ್ಯಾಸ ತಪ್ಪಿದೆ. ಹುಳಿ ಅನ್ನುವ ಕಡೆ ಹುಲಿ ಅಂದುಬಿಟ್ಟು, ಮಗು ಹುಲಿ ತೋರಿಸಿದರೆ ತಪ್ಪು ಅಂತಾರೆ. ಶನಿವಾರ ಅಲ್ಲೂ ಹಾಗೇ ಆಯಿತು, ಮಗು ಪಾಪ ಮುಖ ಮುಖ ನೋಡಿತು.

ಕಾಗೆಯ ಜಗಳ ಬಗೆಹರಿಸಿದ್ದು ಅಜ್ಜಿ. ಅಡುಗೆಮನೆಯಿಂದ ಖಾಲಿ ಕಾಫಿಪುಡಿ ಡಬ್ಬಿ ತಂದು ಮೊಮ್ಮಗನ ಮುಂದಿಟ್ಟರು. ಕಾಗೆ ಅದರೊಳಗೆ ಹೋಯಿತು. "ಇದೂ ಕಾ!" ಎಂದು ಅವನು ಡಬ್ಬಿಯನ್ನೇ ತಟ್ಟಿದ. ಅಷ್ಟರಲ್ಲಿ ಅಮ್ಮ ಟೇಬಲ್ಲಿನಿಂದ ಒಂದು ಕಿತ್ತಳೆ ಎತ್ತಿಕೊಂಡು ಎರಡು ಡಬ್ಬಿಗಳನ್ನೂ ನೋಡುತ್ತಾ ನಿಂತಿದ್ದರು.